ತಿರುಗುವ ಎಂಜಿನ್ನಿನ ಲೆಕ್ಕ ತಪಾಸಣೆ



ಮುಖ್ಯ ಭಾಷಣಕ್ಕೆ ಕರೆದಾಗ ಸಂಘಟಕರು ಒಂದೇ ಷರತ್ತು ಹಾಕಿದರು: ತೆರಿಗೆ ರಿಟರ್ನ್ ಬಗ್ಗೆ ಮಾತಾಡಬಾರದು. ನಾನು ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳ ಲೆಕ್ಕ ತಪಾಸಣೆ ಮಾಡಿ, ಕೊನೆಗೆ ಈ ದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಯ ಲೆಕ್ಕದ ಮೇಜಿಗೆ ಬಂದು ಕೂತವನು. ತೆರಿಗೆ ಬಿಟ್ಟು ನನಗೆ ಗೊತ್ತಿರುವುದು ಎಂಜಿನ್ನುಗಳ ಖರ್ಚು ಮಾತ್ರ. ಎಂಜಿನ್ ಗೊತ್ತಿರುವವರು ಈ ಸಭಾಂಗಣದಲ್ಲಿ ಅರ್ಧಕ್ಕರ್ಧ ಇದ್ದೀರಿ. ತಾಂತ್ರಿಕ ವಿವರದಲ್ಲಿ ಎಡವಿದರೆ ಊಟದ ಹೊತ್ತಿಗೆ ಹಿಡಿದು ಕೇಳಿ.

ಇವತ್ತಿನ ವಿಷಯ ಆರಿಸಿಕೊಳ್ಳಲು ಒಂದು ಕಾರಣವಿದೆ. ವರ್ಷಕ್ಕೆ ಎರಡು ಮೂರು ಸಲ ನಮ್ಮವರೇ ಯಾರಾದರೂ ನನಗೊಂದು ವಿಡಿಯೊ ಕಳಿಸುತ್ತಾರೆ. ಅದರಲ್ಲಿ ಬಣ್ಣಬಣ್ಣದ ಗೂಡೊಳಗೆ ವಿಚಿತ್ರ ಆಕಾರದ ಒಂದು ರೋಟರ್ ನುಣ್ಣಗೆ ತಿರುಗುತ್ತಿರುತ್ತದೆ. ಪಿಸ್ಟನ್ ಇಲ್ಲ, ಕವಾಟ ಇಲ್ಲ, ತೂಕ ಹತ್ತನೇ ಒಂದು ಭಾಗ, ಮೈಲೇಜು ದುಪ್ಪಟ್ಟು. ಕೆಳಗೊಂದು ಸಾಲು: ‘ಸರ್, ಷೇರು ಕೊಡ್ತಿದ್ದಾರೆ, ಎರಡು ಸಾವಿರ ಯೂರೊ ಹಾಕಲಾ?’ ಅನುಮಾನಪಟ್ಟರೆ ಹಳೆ ತಲೆ ಅನ್ನಿಸಿಕೊಳ್ಳಬೇಕು, ಹೂಂ ಅಂದರೆ ಒಬ್ಬರ ಉಳಿತಾಯದ ದುಡ್ಡು. ಈ ಪ್ರಶ್ನೆಗೆ ಉತ್ತರ ನಾವು ಕೂತಿರುವ ಈ ನಾಡಿನ ಚರಿತ್ರೆಯಲ್ಲೇ ಇದೆ. ಸ್ಟುಟ್‌ಗಾರ್ಟಿನಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ನೆಕಾರ್ಸುಲ್ಮ್ ಸಿಗುತ್ತದೆ, ಆ ಊರಿನಲ್ಲಿ.

ತಿರುಗುವುದು ಒಳ್ಳೆಯದು ಅನ್ನುವ ಭಾವನೆ ನಮಗೆ ಹೊಸದಲ್ಲ. ಅಜ್ಜಿಯ ಮನೆಯಲ್ಲಿ ಒನಕೆಯೂ ಇತ್ತು, ಬೀಸುವ ಕಲ್ಲೂ ಇತ್ತು. ಒನಕೆ ಎತ್ತಬೇಕು, ಹಾಕಬೇಕು, ಮತ್ತೆ ಎತ್ತಬೇಕು; ಪ್ರತಿ ಸಲವೂ ಎತ್ತಿದ ಶ್ರಮ ಅಲ್ಲೇ ನಿಂತು ಹೋಗುತ್ತದೆ. ಬೀಸುವ ಕಲ್ಲಿಗೆ ಒಮ್ಮೆ ವೇಗ ಬಂದರೆ ಹಾಡು ಹೇಳಿಕೊಂಡು ತಿರುಗಿಸಬಹುದು. ಪಿಸ್ಟನ್ ಎಂಜಿನ್ ಅಂದರೆ ಒನಕೆ. ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ನಿಮಿಷಕ್ಕೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಚಕ್ರ ತಿರುಗಿಸುವುದಕ್ಕೆ ಇಷ್ಟೆಲ್ಲ ಯಾಕೆ, ನೇರವಾಗಿ ತಿರುಗುವ ಎಂಜಿನ್ನೇ ಮಾಡಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಜೇಮ್ಸ್ ವಾಟ್‌ಗೂ ಅನ್ನಿಸಿತ್ತು. ಆತ ವರ್ಷಗಟ್ಟಲೆ ಹಬೆಯ ಚಕ್ರವೊಂದರ ಮೇಲೆ ಕೆಲಸ ಮಾಡಿ, ಹಬೆ ಸೋರದಂತೆ ಹಿಡಿದಿಡಲು ಆಗದೆ ಕೈಬಿಟ್ಟ. ಮೇಲೆ ಕೆಳಗೆ ಹೋಗುವ ಪಿಸ್ಟನ್ನನ್ನೇ ಇಟ್ಟುಕೊಂಡು, ಅದರ ಓಡಾಟವನ್ನು ಗಿಯರಿನ ಮೂಲಕ ಚಕ್ರದ ತಿರುಗಾಟವಾಗಿಸಿ ಗೆದ್ದ.

ಮುಂದಿನ ನೂರು ವರ್ಷ ಪೇಟೆಂಟ್ ಕಚೇರಿಗಳಿಗೆ ತಿರುಗುವ ಹಬೆ ಎಂಜಿನ್ನುಗಳ ಮಳೆಯೇ ಸುರಿಯಿತು. ಆಗ ಬಂದವರು ನನ್ನ ಮಟ್ಟಿಗೆ ಈ ವಿಷಯದ ಮೊದಲ ಲೆಕ್ಕ ತಪಾಸಿಗರು: ಬರ್ಲಿನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರಾಂಜ್ ರೂಲೋ. ಯಂತ್ರಗಳ ಚಲನೆಯ ಬಗ್ಗೆ 1875ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಪುಸ್ತಕದಲ್ಲಿ ಅವರು ಇಂಥ ಯಂತ್ರಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಹೊರಗಿನ ಆಕಾರ ತೆಗೆದು ನೋಡಿದರೆ ‘ಹೊಸ ಆವಿಷ್ಕಾರ’ಗಳಲ್ಲಿ ಬಹಳಷ್ಟು ಅದೇ ಹಳೆಯ ಕ್ರ್ಯಾಂಕು, ಅದೇ ಹಳೆಯ ಜಾರುವ ತುಂಡು, ಬೇರೆ ಅಂಗಿ ತೊಟ್ಟಿದ್ದವು ಅಷ್ಟೆ. ತಮಾಷೆಯೆಂದರೆ, ಮೂರು ಉಬ್ಬಿದ ಬದಿಗಳ ತ್ರಿಕೋನಕ್ಕೆ ಇಂದು ಗಣಿತದಲ್ಲಿ ಅವರದೇ ಹೆಸರಿದೆ. ಮುಂದೆ ಜಗತ್ತನ್ನು ಮರುಳುಮಾಡಿದ ರೋಟರ್ ಹೆಚ್ಚುಕಡಿಮೆ ಅದೇ ರೂಪದ್ದು.

ಆ ರೋಟರಿನ ಜನಕ ಫೆಲಿಕ್ಸ್ ವಾಂಕೆಲ್. 1902ರಲ್ಲಿ ಬ್ಲ್ಯಾಕ್ ಫಾರೆಸ್ಟ್ ಅಂಚಿನ ಲಾರ್ ಊರಿನಲ್ಲಿ ಹುಟ್ಟಿದಾತ. ಎಂಜಿನಿಯರಿಂಗ್ ಪದವಿ ಇರಲಿಲ್ಲ. ದೃಷ್ಟಿ ತೀರಾ ಮಂದವಾದ್ದರಿಂದ ಡ್ರೈವಿಂಗ್ ಲೈಸೆನ್ಸ್ ಕೂಡ ಇರಲಿಲ್ಲ. 1920ರ ದಶಕದಲ್ಲೇ ನಾಜಿ ಪಕ್ಷ ಸೇರಿದ್ದ, ಒಳಜಗಳದಲ್ಲಿ 1933ರಲ್ಲಿ ಜೈಲು ಕಂಡಿದ್ದ, ಆಮೇಲೆ ಲಿಂಡಾವ್‌ನಲ್ಲಿ ವಿಮಾನಯಾನ ಸಚಿವಾಲಯಕ್ಕಾಗಿ ಕೆಲಸ ಮಾಡಿದ, ಯುದ್ಧಕಾಲದಲ್ಲಿ ಎಸ್‌ಎಸ್ ಪಡೆಯ ಹುದ್ದೆಯನ್ನೂ ಪಡೆದ. ಯುದ್ಧ ಮುಗಿದ ಮೇಲೆ ಫ್ರೆಂಚರು ಆತನನ್ನು ಕೆಲ ಕಾಲ ಜೈಲಿಗೆ ಹಾಕಿ ಕಾರ್ಯಾಗಾರವನ್ನು ಕಿತ್ತುಹಾಕಿದರು. ಎಂಜಿನ್ನಿನ ಅಭಿಮಾನಿಗಳು ಬರೆಯುವ ಕಥೆಗಳಲ್ಲಿ ಈ ಪುಟ ಹಾರಿಹೋಗುವುದೇ ಹೆಚ್ಚು, ಅದಕ್ಕೆ ಹೇಳಿದೆ.

ಆತನ ನಿಜವಾದ ಪರಿಣತಿ ಎಂಜಿನ್ ಅಲ್ಲ, ಸೀಲು. ತಿರುಗುವ ಭಾಗಗಳ ನಡುವೆ ಅನಿಲ ಸೋರದಂತೆ ತಡೆಯುವುದು ಹೇಗೆಂದು ದಶಕಗಳ ಕಾಲ ಒಂದೇ ಹಟದಿಂದ ಕೆಲಸ ಮಾಡಿದ. 1951ರಲ್ಲಿ ನೆಕಾರ್ಸುಲ್ಮ್‌ನ ಎನ್‌ಎಸ್‌ಯು ಕಂಪನಿಯ ಜತೆ ಒಪ್ಪಂದವಾಯಿತು. ಹೆಣಿಗೆ ಯಂತ್ರ ಮಾಡುತ್ತ ಶುರುವಾಗಿ, ಸೈಕಲ್ಲು, ಮೋಟಾರ್‌ಸೈಕಲ್ಲಿಗೆ ಬಂದು, 1950ರ ದಶಕದ ನಡುಭಾಗದಲ್ಲಿ ಲೋಕದ ಅತಿ ದೊಡ್ಡ ಮೋಟಾರ್‌ಸೈಕಲ್ ತಯಾರಕರಲ್ಲಿ ಒಂದಾಗಿದ್ದ ಕಂಪನಿ. 1957ರ ಫೆಬ್ರವರಿ 1ರಂದು ಅಲ್ಲಿನ ಪರೀಕ್ಷಾ ಮೇಜಿನ ಮೇಲೆ ಮೊದಲ ಎಂಜಿನ್ ಓಡಿತು. ಅದರಲ್ಲಿ ಒಳಗಿನ ರೋಟರೂ ತಿರುಗುತ್ತಿತ್ತು, ಹೊರಗಿನ ಗೂಡೂ ತಿರುಗುತ್ತಿತ್ತು. ಕಾಗದದ ಮೇಲೆ ಪರಮ ಸುಂದರ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಬೇಕಾದರೆ ಎಂಜಿನ್ನನ್ನೇ ಬಿಚ್ಚಬೇಕು! ಎನ್‌ಎಸ್‌ಯುವಿನ ಎಂಜಿನಿಯರ್ ಹಾನ್ಸ್ ಡೀಟರ್ ಪಾಷ್ಕೆ ಗೂಡನ್ನು ನಿಲ್ಲಿಸಿ, ರೋಟರ್ ಮಾತ್ರ ಓಲಾಡುತ್ತ ತಿರುಗುವಂತೆ ಮಾಡಿದರು. ನಾವು ಇಂದು ವಾಂಕೆಲ್ ಎಂಜಿನ್ ಅನ್ನುವುದು 1958ರಲ್ಲಿ ಓಡಿದ ಈ ಎರಡನೆಯದನ್ನು. ನನ್ನ ರೇಸ್ ಕುದುರೆಯನ್ನು ಉಳುವ ಕುದುರೆ ಮಾಡಿಬಿಟ್ಟಿರಿ ಎಂದು ವಾಂಕೆಲ್ ಸಿಟ್ಟಾದ ಕಥೆ ಪ್ರಸಿದ್ಧ. ಆದರೆ ಆ ಎಂಜಿನ್ನಿನ ಬಗ್ಗೆ ಲೋಕಕ್ಕೆ ಸಂಶಯ ಬರುವ ಮೊದಲೇ ಅದನ್ನು ಮಾಡಿದ ಕೋಣೆಯಲ್ಲೇ ಸಂಶಯಪಟ್ಟವರಿದ್ದರು, ಅವರೇ ಅದನ್ನು ಓಡುವಂತೆ ಮಾಡಿದವರು.

ಸಂಶಯ ಯಾವುದರ ಬಗ್ಗೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಊರಿನಲ್ಲಿ ಬೈಕು ಹೊಗೆ ಉಗುಳಿದರೆ ಮೆಕ್ಯಾನಿಕ್ ಏನು ಹೇಳುತ್ತಿದ್ದ? ‘ರಿಂಗ್ ಹೋಗಿದೆ ಸಾರ್, ಬೋರ್ ಮಾಡಿಸ್ಬೇಕು.’ ಪಿಸ್ಟನ್ ರಿಂಗ್ ಅಂದರೆ ದುಂಡನೆಯ ಬಳೆ, ದುಂಡನೆಯ ಕೊಳವೆಯಲ್ಲಿ ಕೂರುತ್ತದೆ. ಗೋಡೆಗೆ ಅಗಲವಾಗಿ ಒತ್ತಿಕೊಳ್ಳುತ್ತದೆ, ಒಂದು ಸೋತರೆ ಹಿಂದೆ ಇನ್ನೊಂದಿದೆ. ವಾಂಕೆಲ್ ಎಂಜಿನ್ನಿನಲ್ಲಿ ರೋಟರಿನ ಮೂರು ಮೂಲೆಗಳಲ್ಲಿ ಮೂರು ತೆಳು ಪಟ್ಟಿಗಳಿವೆ. ಅವು ಗೋಡೆಗೆ ತಾಗುವುದು ಒಂದು ಗೆರೆಯಷ್ಟು ಮಾತ್ರ, ಅದೂ ತಿರುಗುತ್ತ ಹೋದಂತೆ ವಾಲುವ ಕೋನ ಬದಲಾಗುತ್ತದೆ. ಪಿಸ್ಟನ್ ಎಂಜಿನ್ನಿನ ಸಿಲಿಂಡರಿನಲ್ಲಿ ಒಂದೇ ಜಾಗಕ್ಕೆ ತಂಪು ಗಾಳಿಯೂ ಬೆಂಕಿಯೂ ಸರದಿಯ ಮೇಲೆ ಬರುತ್ತವೆ, ಬಿಸಿ ಸರಾಸರಿಯಾಗುತ್ತದೆ. ಇಲ್ಲಿ ಹಾಗಲ್ಲ. ಗೂಡಿನ ಒಂದು ಬದಿಯಲ್ಲಿ ಯಾವಾಗಲೂ ಬೆಂಕಿ, ಇನ್ನೊಂದು ಬದಿಯಲ್ಲಿ ಯಾವಾಗಲೂ ತಂಪು. ಲೋಹ ಒಂದು ಕಡೆ ಹಿಗ್ಗಿ ಒಂದು ಕಡೆ ಹಾಗೇ ಉಳಿದರೆ ಗೋಡೆಯ ಆಕಾರವೇ ವಾರೆಯಾಗುತ್ತದೆ, ಆ ವಾರೆ ಗೋಡೆಯ ಮೇಲೆ ಗೆರೆಯಷ್ಟು ಸೀಲು ಜಾರಬೇಕು. ಜಾರಲು ಎಣ್ಣೆ ಬೇಕು, ಹಾಗಾಗಿ ಎಣ್ಣೆ ಸುಡುತ್ತದೆ. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಪೆಟ್ರೋಲಿನ ಜತೆ ಎಣ್ಣೆ ಸುಡುವುದರ ವಾಸನೆ ನೆನಪಿರಬೇಕು.

ಇದಕ್ಕಿಂತ ಆಳದ ತೊಂದರೆ ಇನ್ನೊಂದು. ಬೆಂಕಿ ಹೊತ್ತಿಕೊಳ್ಳುವ ಕೋಣೆ ದುಂಡಗಿಲ್ಲ, ಉದ್ದಕ್ಕೆ ತೆಳ್ಳಗಿದೆ, ಮೇಲಾಗಿ ಅದು ಓಡುತ್ತಲೇ ಇರುತ್ತದೆ. ಅಷ್ಟು ಗೋಡೆ ಮುಟ್ಟಿದ ಮೇಲೆ ಬಿಸಿ ಗೋಡೆಗೆ ಹೋಗುತ್ತದೆ, ಹಿಂದಿನ ಮೂಲೆಯ ತನಕ ಜ್ವಾಲೆ ತಲುಪುವುದಿಲ್ಲ, ಸುಡದ ಪೆಟ್ರೋಲ್ ಹೊಗೆಕೊಳವೆಯಲ್ಲಿ ಹೊರಟುಹೋಗುತ್ತದೆ. ಸೀಲಿಗೆ ಹೊಸ ಲೋಹ ಹುಡುಕಬಹುದು. ಆದರೆ ಈ ಎಂಜಿನ್ನನ್ನು ಈ ಎಂಜಿನ್ ಮಾಡುವುದೇ ಆ ಕೋಣೆಯ ಆಕಾರ, ಅದನ್ನು ಎಲ್ಲಿಗೆ ಬದಲಿಸುವುದು?

ಇವೆಲ್ಲ ಮೊದಲಿನಿಂದ ಬಲ್ಲವರಿಗೆ ಗೊತ್ತಿದ್ದ ಮಾತು. ಆದರೂ 1959ರ ಕೊನೆಗೆ ಸುದ್ದಿ ಹೊರಬಿದ್ದಾಗ, 1960ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಎಂಜಿನಿಯರುಗಳ ದೊಡ್ಡ ಸಭೆಯ ಮುಂದೆ ಎಂಜಿನ್ ಬಿಚ್ಚಿಟ್ಟಾಗ, ಷೇರುಪೇಟೆಗೆ ಹುಚ್ಚು ಹಿಡಿಯಿತು. ಎನ್‌ಎಸ್‌ಯು ಷೇರು ಹಲವು ಪಟ್ಟು ಏರಿತು. ಅಮೆರಿಕದ ಕರ್ಟಿಸ್ ರೈಟ್ 1958ರಲ್ಲೇ ಪರವಾನಗಿ ಕೊಂಡಿತ್ತು. ಹಿಂದೆಯೇ ಹಿರೋಷಿಮಾದ ಟೊಯೊ ಕೊಗ್ಯೊ, ಅಂದರೆ ಇಂದಿನ ಮಜ್ದಾ, ಆಮೇಲೆ ಡೈಮ್ಲರ್ ಬೆಂಜ್, ಇನ್ನೂ ಹತ್ತಾರು. ಸಾಲಿನಲ್ಲಿ ನಿಲ್ಲದ ಕಂಪನಿಯೇ ದಡ್ಡ ಅನ್ನುವ ಕಾಲ. ಕ್ರೈಸ್ಲರ್ ನಿಲ್ಲಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಚಿಕ್ಕ ಮಾತು. ಈ ಎಂಜಿನ್ ಎಷ್ಟು ಸಿ.ಸಿ. ಎಂಬ ಪ್ರಶ್ನೆಗೇ ಒಮ್ಮತವಿಲ್ಲ. ಒಂದು ಕೋಣೆ ಎಣಿಸುವುದೋ, ಮೂರೂ ಎಣಿಸುವುದೋ, ಎರಡು ಸುತ್ತಿಗೆ ಎಣಿಸುವುದೋ? ಜಪಾನಿನ ತೆರಿಗೆಯವರು ಒಂದೂವರೆಯಿಂದ ಗುಣಿಸಿದರು. ಜರ್ಮನಿಯ ವಾಹನ ತೆರಿಗೆ ಕಾನೂನು ಆ ಜಗಳವೇ ಬೇಡವೆಂದು ಇಂಥ ಕಾರುಗಳನ್ನು ತೂಕದ ಲೆಕ್ಕಕ್ಕೆ ಹಾಕಿತು. ತೆರಿಗೆ ಅಧಿಕಾರಿಯೂ ಒಂದು ರೀತಿಯ ಸಂಶಯವಾದಿಯೇ. (ತೆರಿಗೆ ಬಗ್ಗೆ ಇಷ್ಟೇ, ಸಂಘಟಕರು ಕ್ಷಮಿಸಬೇಕು.)

ಎನ್‌ಎಸ್‌ಯು 1964ರಿಂದ ಸ್ಪೈಡರ್ ಎಂಬ ಪುಟ್ಟ ತೆರೆದ ಕಾರನ್ನು ಮಾರಿ ನೋಡಿತು. ನಿಜವಾದ ಪಣ 1967ರ ರೋ 80. ಕ್ಲಾಸ್ ಲೂಥೆ ವಿನ್ಯಾಸ ಮಾಡಿದ ಆ ಕಾರನ್ನು ಇವತ್ತು ರಸ್ತೆಯಲ್ಲಿ ನೋಡಿದರೂ ಹಳೆಯದು ಅನ್ನಿಸುವುದಿಲ್ಲ. ಎರಡು ರೋಟರ್, 115 ಅಶ್ವಶಕ್ತಿ, ಬೆಲೆ 14,150 ಮಾರ್ಕ್. ಮರುವರ್ಷವೇ ಯುರೋಪಿನ ‘ವರ್ಷದ ಕಾರು’ ಪ್ರಶಸ್ತಿ. ಆಮೇಲೆ ಎಂಜಿನ್ನುಗಳು ವಾಪಸು ಬರತೊಡಗಿದವು. ಮೂವತ್ತು, ನಲವತ್ತು, ಐವತ್ತು ಸಾವಿರ ಕಿಲೋಮೀಟರಿಗೆ ಸೀಲು ಸವೆದು, ಎಣ್ಣೆ ಕುಡಿದು, ಬೆಳಗ್ಗೆ ಸ್ಟಾರ್ಟ್ ಆಗದೆ. ಎಂಜಿನ್ ಎಷ್ಟು ನುಣುಪೆಂದರೆ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದೇ ಚಾಲಕನಿಗೆ ತಿಳಿಯುತ್ತಿರಲಿಲ್ಲ, ಮಿತಿ ಮೀರಿಸಿಬಿಡುತ್ತಿದ್ದ. ಕೊನೆಗೆ ಒಂದು ಎಚ್ಚರಿಕೆಯ ಬಜರ್ ಕೂರಿಸಬೇಕಾಯಿತು. ಕಾರ್ಯಾಗಾರಗಳಿಗೆ ಈ ಎಂಜಿನ್ನನ್ನು ಪರೀಕ್ಷಿಸುವ ಅಭ್ಯಾಸವಿರಲಿಲ್ಲ, ಏನೇ ತೊಂದರೆ ಬಂದರೂ ಇಡೀ ಎಂಜಿನ್ ಬಿಚ್ಚಿ ಹೊಸದು ಹಾಕಿಬಿಡುತ್ತಿದ್ದರು. ಎನ್‌ಎಸ್‌ಯು ಗ್ಯಾರಂಟಿಯಲ್ಲಿ ಧಾರಾಳವಾಗಿ ಕೊಟ್ಟಿತು. ರಸ್ತೆಯಲ್ಲಿ ಎದುರಾದ ರೋ 80 ಮಾಲೀಕರು ಒಬ್ಬರಿಗೊಬ್ಬರು ಕೈ ಬೀಸುವಾಗ ಎಷ್ಟನೇ ಎಂಜಿನ್ ಎಂದು ಬೆರಳು ತೋರಿಸುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ ಕೆಲವರು ಬೇಸತ್ತು ಫೋರ್ಡಿನ ಮಾಮೂಲಿ ವಿ4 ಎಂಜಿನ್ನನ್ನೇ ಒಳಗೆ ಕೂರಿಸಿಕೊಂಡರು.

ಈಗ ಅಕೌಂಟೆಂಟ್ ಮಾತು ಕೇಳಿ. ಕಾರು ಮಾರಿದ ದಿನವೇ, ಮುಂದೆ ಗ್ಯಾರಂಟಿಯಲ್ಲಿ ಆಗಬಹುದಾದ ರಿಪೇರಿಯ ಅಂದಾಜು ಮೊತ್ತವನ್ನು ಆ ವರ್ಷದ ಖರ್ಚಿಗೇ ಬರೆದು ಎತ್ತಿಡಬೇಕು. ಇಲ್ಲಿಯವರು ರ್‍ಯೂಕ್‌ಷ್ಟೆಲುಂಗ್ ಅನ್ನುತ್ತಾರೆ. ಆ ಅಂದಾಜು ಬರುವುದು ಹಿಂದಿನ ವರ್ಷಗಳ ಅನುಭವದಿಂದ. ಪಿಸ್ಟನ್ ಎಂಜಿನ್ನಿಗೆ ಆಗಲೇ ಎಂಬತ್ತು ತೊಂಬತ್ತು ವರ್ಷದ ಅನುಭವವಿತ್ತು; ನೂರಕ್ಕೆ ಎಷ್ಟು ವಾಪಸು ಬರುತ್ತವೆ ಎಂದು ಯಾವ ಕಂಪನಿಯ ಗುಮಾಸ್ತನನ್ನು ಕೇಳಿದರೂ ಹೇಳುತ್ತಿದ್ದ. ಹೊಸ ಬಗೆಯ ಎಂಜಿನ್ನಿಗೆ ಹಿಂದಿನ ವರ್ಷವೇ ಇಲ್ಲ. ಪರೀಕ್ಷಾ ಮೇಜಿನ ಮೇಲೆ ಒಂದೇ ವೇಗದಲ್ಲಿ ದಿನಗಟ್ಟಲೆ ಓಡಿದ ಎಂಜಿನ್ ಬೇರೆ. ಜನವರಿಯ ಚಳಿಯಲ್ಲಿ ಬೇಕರಿಗೆ ಹೋಗಿ ಬಂದು ನಿಲ್ಲುವ, ಮತ್ತೆ ಹತ್ತು ನಿಮಿಷಕ್ಕೆ ಶುರುವಾಗುವ ಡಾಕ್ಟರ ಕಾರಿನ ಎಂಜಿನ್ ಬೇರೆ. ಆವಿಷ್ಕಾರ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಒಂದು ಎಂಜಿನ್ ಸಾಕು. ಅದು ವ್ಯಾಪಾರವಾಗುತ್ತದೋ ಇಲ್ಲವೋ ಎಂಬುದಕ್ಕೆ ಸಾವಿರಾರು ಗಿರಾಕಿಗಳ ಸಾವಿರಾರು ಬೆಳಗುಗಳು ಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಷೇರುಪೇಟೆ ಮೊದಲನೆಯದರ ಉತ್ತರಕ್ಕೆ ಬೆಲೆ ಕಟ್ಟಿತ್ತು.

1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ಕೈಸೇರಿ, ಆಟೊ ಯೂನಿಯನ್ ಜತೆ ಬೆಸೆದು ಆಡಿ ಎನ್‌ಎಸ್‌ಯು ಆಟೊ ಯೂನಿಯನ್ ಆಯಿತು. ಸಣ್ಣ ಷೇರುದಾರರು ಆ ವರ್ಷದ ಸಾಮಾನ್ಯ ಸಭೆಯಲ್ಲಿ ಕೂಗಾಡಿದರು. ನಮ್ಮ ಹತ್ತಿರ ಇರುವುದು ಬರೀ ಒಂದು ಕಾರು ಕಾರ್ಖಾನೆಯಲ್ಲ, ವಾಂಕೆಲ್ ಪೇಟೆಂಟಿನ ಚಿನ್ನದ ಗಣಿ, ಅದನ್ನು ಪುಕ್ಕಟೆ ಕೊಡುವುದಿಲ್ಲ ಎಂದು. ಅವರನ್ನು ಸಮಾಧಾನಪಡಿಸಲು ಹುಡುಕಿದ ದಾರಿ ನನಗೆ ಇಡೀ ಚರಿತ್ರೆಯಲ್ಲೇ ಅತ್ಯಂತ ಇಷ್ಟವಾದ ಭಾಗ. ಗೆನುಸ್‌ಷೈನ್ ಎಂಬ ಒಂದು ಪತ್ರ ಹೊರಡಿಸಿದರು. ವಾಂಕೆಲ್ ಪರವಾನಗಿಯಿಂದ ಮುಂದೆ ಬರುವ ಹಣದಲ್ಲಿ ಪಾಲು, ಅಷ್ಟೇ ಅದರ ಹಕ್ಕು. ಕಾರ್ಖಾನೆ ಒಂದು ಕಡೆ, ಕನಸು ಒಂದು ಕಡೆ, ಎರಡಕ್ಕೂ ಬೇರೆ ಬೇರೆ ಕಾಗದ. ನಂಬುವವನು ಕನಸಿನ ಕಾಗದ ಇಟ್ಟುಕೊಳ್ಳಲಿ, ನಂಬದವನು ಮಾರಿಕೊಳ್ಳಲಿ. ಇಷ್ಟು ಪ್ರಾಮಾಣಿಕವಾದ ಪತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ಅಂದಹಾಗೆ ವಾಂಕೆಲ್ ತನ್ನ ಕಂಪನಿಯನ್ನು 1971ರಲ್ಲಿ ಲೊನ್ರೊ ಎಂಬ ಬ್ರಿಟಿಷ್ ಕಂಪನಿಗೆ 10 ಕೋಟಿ ಮಾರ್ಕಿಗೆ ಮಾರಿದ. ಯಾರು ನಂಬಬೇಕಿತ್ತೋ ಆತನೇ ನಗದು ಮಾಡಿಕೊಂಡ ಎಂದು ನಾನು ಹೇಳುವುದಿಲ್ಲ, ವರ್ಷ ಮತ್ತು ಮೊತ್ತ ಮಾತ್ರ ಹೇಳುತ್ತೇನೆ.

ಸಂಶಯದ ಅತ್ಯುತ್ತಮ ಮಾದರಿ ನಮ್ಮ ಸ್ಟುಟ್‌ಗಾರ್ಟಿನಲ್ಲೇ ಇದೆ. ಮರ್ಸಿಡಿಸ್ ಮ್ಯೂಸಿಯಂಗೆ ನೆಂಟರನ್ನು ಕರೆದುಕೊಂಡು ಹೋಗಿ ಹೋಗಿ ಸುಸ್ತಾದವರು ಇಲ್ಲಿ ಬಹಳ ಮಂದಿ ಇರಬೇಕು. ಮುಂದಿನ ಸಲ ಕಿತ್ತಳೆ ಬಣ್ಣದ ಸಿ111 ಮುಂದೆ ಒಂದು ನಿಮಿಷ ನಿಲ್ಲಿ. 1969ರಲ್ಲಿ ಮೂರು ರೋಟರ್, 1970ರಲ್ಲಿ ನಾಲ್ಕು ರೋಟರ್, 350 ಅಶ್ವಶಕ್ತಿ. ಬಾಗಿಲು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೇಳುತ್ತದೆ. ಬೆಲೆ ನೀವೇ ಬರೆದುಕೊಳ್ಳಿ ಎಂದು ಸಹಿ ಹಾಕಿದ ಖಾಲಿ ಚೆಕ್ಕುಗಳನ್ನೇ ಜನ ಕಳಿಸಿದರು ಎಂದು ಕಥೆ ಹೇಳುತ್ತಾರೆ. ಒಂದು ಕಾರನ್ನೂ ಮಾರಲಿಲ್ಲ. ಡೈಮ್ಲರ್ ಬೆಂಜಿನ ಎಂಜಿನಿಯರುಗಳು ಆ ಎಂಜಿನ್ನನ್ನು ತಿರಸ್ಕರಿಸಿ ಕೂತವರಲ್ಲ. ಒಂದು ದಶಕ ಅದರ ಮೇಲೆ ದುಡಿದು ಸೀಲಿನ ತೊಂದರೆಯನ್ನು ಬಹುಮಟ್ಟಿಗೆ ಗೆದ್ದವರು. ಗೆದ್ದ ಮೇಲೂ ಉಳಿದದ್ದು ಆ ಉದ್ದನೆಯ ಕೋಣೆ, ಅದರ ಪೆಟ್ರೋಲಿನ ಖರ್ಚು, ಅದರ ಹೊಗೆ. ಅಮೆರಿಕದ ಹೊಗೆ ನಿಯಮಗಳು ಬಿಗಿಯಾಗುತ್ತಿದ್ದವು. ಅವರು ನಿಲ್ಲಿಸಿಬಿಟ್ಟರು. ಅದೇ ಸಿ111 ಮೈಗೆ 1976ರಲ್ಲಿ ಡೀಸೆಲ್ ಎಂಜಿನ್ ಕೂರಿಸಿ ಇಟಲಿಯ ನಾರ್ಡೊದಲ್ಲಿ ವಿಶ್ವದಾಖಲೆಗಳನ್ನು ಮಾಡಿದರು. ಚೆಕ್ಕು ಕೈಯಲ್ಲಿರುವಾಗ ಬೇಡ ಅನ್ನುವುದು ಎಷ್ಟು ಕಷ್ಟ ಎಂಬುದು ಯಾವ ಕಂಪನಿಯಲ್ಲಾದರೂ ವರ್ಷಾಂತ್ಯದ ಗುರಿ ನೋಡಿದವರಿಗೆ ಗೊತ್ತು.

ಹಾಗಾದರೆ ಹಿರೋಷಿಮಾ? ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಎದ್ದು ಮಜ್ದಾ ಅನ್ನುತ್ತಾರೆ, ಅನ್ನಬೇಕಾದ್ದೇ. ಅಲ್ಲಿ ಕೆನಿಚಿ ಯಮಮೊಟೊ ಅವರ ಕೈಕೆಳಗೆ 1963ರಲ್ಲಿ 47 ಎಂಜಿನಿಯರುಗಳ ವಿಭಾಗ ಶುರುವಾಯಿತು. ಗೂಡಿನ ಒಳಗೋಡೆಯಲ್ಲಿ ಸೀಲು ಕೆತ್ತುತ್ತಿದ್ದ ಅಲೆಅಲೆ ಗುರುತುಗಳನ್ನು ಅವರು ದೆವ್ವದ ಉಗುರಿನ ಗೀರು ಎಂದು ಕರೆದರು. ಏನೇನೋ ಲೋಹ ಹಾಕಿ ನೋಡಿ, ಕೊನೆಗೆ ಅಲ್ಯೂಮಿನಿಯಂ ತುಂಬಿದ ಇಂಗಾಲದ ಸೀಲು ಮಾಡಿ, 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ತಂದರು. ಆಗಿನಿಂದ ಸುಮಾರು 20 ಲಕ್ಷ ರೋಟರಿ ಕಾರು ಮಾಡಿದ್ದಾರೆ. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಲ ಮಾನ್‌ನ 24 ಗಂಟೆಯ ಓಟ ಗೆದ್ದಿತು. ಸೀಲು ಉಳಿಯುವುದಿಲ್ಲ ಎಂದಿದ್ದವರ ಬಾಯಿ ಮುಚ್ಚಿಸಿದ ಗೆಲುವು ಅದು.

ಆದರೆ ಆ ಪುಸ್ತಕದ ಖರ್ಚಿನ ಪುಟವನ್ನೂ ತಿರುವಿ ನೋಡಿ. 1973ರ ಅಕ್ಟೋಬರಿನಲ್ಲಿ ತೈಲ ಬಿಕ್ಕಟ್ಟು ಬಂತು. ಅದರ ಬೆನ್ನಿಗೇ ಅಮೆರಿಕದ ಪರಿಸರ ಸಂಸ್ಥೆಯ ಪರೀಕ್ಷೆಯಲ್ಲಿ ಮಜ್ದಾದ ರೋಟರಿ ಕಾರು ನಗರದ ಓಡಾಟದಲ್ಲಿ ಲೀಟರಿಗೆ 5 ಕಿಲೋಮೀಟರಿಗಿಂತ ಕಡಿಮೆ ಕೊಡುತ್ತದೆಂದು ಬಂತು. ಅಮೆರಿಕದಲ್ಲಿ ಮಾರಾಟ ಕುಸಿಯಿತು, ಕಂಪನಿಯನ್ನು ಸುಮಿಟೊಮೊ ಬ್ಯಾಂಕ್ ಎತ್ತಿಹಿಡಿಯಬೇಕಾಯಿತು. ಕಾರ್ಖಾನೆಯ ಸಾವಿರಾರು ಕೆಲಸಗಾರರನ್ನು ಕೆಲಸದಿಂದ ತೆಗೆಯದೆ, ಮನೆ ಮನೆಗೆ ಹೋಗಿ ಕಾರು ಮಾರಲು ಡೀಲರುಗಳ ಬಳಿ ಕಳಿಸಿದರು. ನಟ್ಟು ಬಿಗಿಯುತ್ತಿದ್ದವನ ಕೈಗೆ ಒಂದು ಬೆಳಗ್ಗೆ ಬ್ರೋಷರ್ ಕೊಟ್ಟರೆ ಹೇಗಿರುತ್ತದೆ, ಯೋಚಿಸಿ. ಸ್ಥಾಪಕರ ಮನೆತನ 1977ರಲ್ಲಿ ಕಂಪನಿಯ ಚುಕ್ಕಾಣಿ ಬಿಟ್ಟಿತು. ರೋಟರಿ ಉಳಿಯಿತು ನಿಜ. ಉಳಿಸಿದ್ದು ಬ್ಯಾಂಕಿನ ಸಾಲ, ಮಾಮೂಲಿ ಪಿಸ್ಟನ್ ಕಾರುಗಳ ಲಾಭ, ಆಮೇಲೆ 1979ರಲ್ಲಿ ಬಂದ ಫೋರ್ಡಿನ ಬಂಡವಾಳ. 2023ರಲ್ಲಿ ಮಜ್ದಾ ಮತ್ತೆ ಒಂದು ರೋಟರಿನ ಎಂಜಿನ್ ತಂದಿದೆ. ಅದು ಚಕ್ರ ತಿರುಗಿಸುವುದಿಲ್ಲ, ಬ್ಯಾಟರಿಗೆ ಕರೆಂಟು ಹುಟ್ಟಿಸುತ್ತದೆ. ಬೀಸುವ ಕಲ್ಲಿಗೆ ಕೊನೆಗೂ ಅದರ ರಾಗಿ ಸಿಕ್ಕಿತೋ ಏನೋ.

ಜನರಲ್ ಮೋಟರ್ಸ್ ಕಥೆ ಚಿಕ್ಕದು, ದುಬಾರಿ. 1970ರ ನವೆಂಬರಿನಲ್ಲಿ 5 ಕೋಟಿ ಡಾಲರ್ ಪರವಾನಗಿ, 1974ರ ಸೆಪ್ಟೆಂಬರಿನಲ್ಲಿ ಯೋಜನೆ ಮುಂದೂಡಿಕೆ, ಆಮೇಲೆ ಮೌನ. ಅದರ ಎಂಜಿನ್ ನಂಬಿಕೊಂಡು ಅಮೆರಿಕನ್ ಮೋಟರ್ಸ್ ಪೇಸರ್ ಎಂಬ ಕಾರು ವಿನ್ಯಾಸ ಮಾಡಿಟ್ಟಿತ್ತು, ಕೊನೆಗೆ ಚಿಕ್ಕ ಎಂಜಿನ್ನಿಗೆಂದು ಮಾಡಿದ ಜಾಗದಲ್ಲಿ ಉದ್ದನೆಯ ಆರು ಸಿಲಿಂಡರ್ ಎಂಜಿನ್ ತುರುಕಬೇಕಾಯಿತು. ಫ್ರಾನ್ಸಿನ ಸಿಟ್ರೊಯೆನ್ ಎನ್‌ಎಸ್‌ಯು ಜತೆ ಸೇರಿ ಸಾರ್ಲ್ಯಾಂಡಿನಲ್ಲಿ ಎಂಜಿನ್ ಕಾರ್ಖಾನೆಯನ್ನೇ ಕಟ್ಟಿತು. ಆ ಎಂಜಿನ್ ಹಾಕಿದ ಬಿರೋಟರ್ ಕಾರು ಮಾರುಕಟ್ಟೆಗೆ ಬಂದದ್ದು ತೈಲ ಬಿಕ್ಕಟ್ಟಿನ ಅದೇ ಅಕ್ಟೋಬರಿನಲ್ಲಿ. 847 ಕಾರು ಮಾಡಿ ನಿಲ್ಲಿಸಿ, ಮಾರಿದ್ದರಲ್ಲೂ ಬಹಳಷ್ಟನ್ನು ವಾಪಸು ಕೊಂಡು ಪುಡಿಮಾಡಿದರು. ಮಾರಿದ ಸರಕನ್ನು ದುಡ್ಡು ಕೊಟ್ಟು ವಾಪಸು ತರುವುದಕ್ಕೂ ಒಂದು ಲೆಕ್ಕವಿದೆ: ಮುಂದಿನ ಇಪ್ಪತ್ತು ವರ್ಷ ಅದಕ್ಕೆ ಬಿಡಿಭಾಗ ಇಡುವ ಖರ್ಚು ಅದಕ್ಕಿಂತ ಹೆಚ್ಚು.

ಆಸ್ಟ್ರೇಲಿಯಾದಲ್ಲೂ ಇಂಥದೊಂದು ಆಗಿದೆ. ಪರ್ತ್‌ನ ರಾಲ್ಫ್ ಸಾರಿಚ್ 1972ರಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ತಮ್ಮ ಆರ್ಬಿಟಲ್ ಎಂಜಿನ್ ತೋರಿಸಿ ದೇಶದ ಮನೆಮಾತಾದರು, ಬಿಎಚ್‌ಪಿಯಂಥ ದೊಡ್ಡ ಕಂಪನಿ ಹಣ ಹಾಕಿತು. ಆ ಎಂಜಿನ್ ಯಾವ ಕಾರಿಗೂ ಬರಲಿಲ್ಲ. ಆದರೆ ಅದಕ್ಕಾಗಿ ದುಡಿಯುವಾಗ ಕಲಿತ ಇಂಧನ ಚಿಮ್ಮಿಸುವ ವಿದ್ಯೆ ಬದುಕಿತು, ದೋಣಿಯ ಎಂಜಿನ್ನುಗಳಿಗೆ ಹೋಯಿತು, ಕೊನೆಗೆ ನಮ್ಮ ಬಜಾಜ್ ಆಟೊರಿಕ್ಷಾದ ಟೂ-ಸ್ಟ್ರೋಕ್ ಎಂಜಿನ್ನಿಗೂ ಬಂತು. ಅದಕ್ಕೇ ನಾನು ವಿಡಿಯೊ ಕಳಿಸಿದವರಿಗೆ ‘ಇದು ಸಾಧ್ಯವೇ ಇಲ್ಲ’ ಎಂದು ಉತ್ತರಿಸುವುದಿಲ್ಲ. ಹಾಗೆ ಹೇಳಿದ ಸಂಶಯವಾದಿಗಳು ಮಜ್ದಾದ ಮುಂದೆ ಸೋತರು. ನಾನು ಕೇಳುವುದು ಬೇರೆ. ಈ ಎಂಜಿನ್ ತಯಾರಕರ ಹೊರಗಿನ ಯಾರ ಕೈಯಲ್ಲಾದರೂ, ಯಾವ ಚಳಿಯಲ್ಲಾದರೂ, ಎಷ್ಟು ಗಂಟೆ ಓಡಿದೆ? ಪೆಟ್ರೋಲ್ ಎಷ್ಟು ಕುಡಿಯಿತು ಎಂದು ಅಳೆದವರು ಯಾರು, ಅವರಿಗೆ ಸಂಬಳ ಕೊಟ್ಟವರು ಯಾರು? ಸವೆದ ಸೀಲಿನ ಫೋಟೊ ಇದೆಯೇ? ಹೊಸ ಸೀಲಿನ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಕಂಪನಿಯ ಆದಾಯ ಎಂಜಿನ್ ಮಾರಿ ಬರುತ್ತಿದೆಯೋ, ಅಥವಾ ಪರವಾನಗಿ, ಸರ್ಕಾರದ ಅನುದಾನ, ಮತ್ತೆ ಮತ್ತೆ ಹೊರಡಿಸುವ ಷೇರಿನಿಂದಲೋ? ಇಷ್ಟಕ್ಕೆ ಉತ್ತರ ಬಂದರೆ ಎರಡು ಸಾವಿರ ಯೂರೊ ಬಗ್ಗೆ ಮಾತಾಡೋಣ. ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ, ಸವೆದ ಸೀಲಿನ ಫೋಟೊ ಇದುವರೆಗೆ ಬಂದಿಲ್ಲ.

ಕೊನೆಯದಾಗಿ ನೆಕಾರ್ಸುಲ್ಮ್‌ಗೆ ವಾಪಸು ಹೋಗೋಣ. ಎಂಜಿನ್ನಿನ ಚರಿತ್ರೆಗಳಲ್ಲಿ ಅಲ್ಲಿ ದುಡಿದವರ ಮಾತು ಅರ್ಧ ಸಾಲು ಸಿಗುವುದೂ ಕಷ್ಟ. ಎನ್‌ಎಸ್‌ಯು ಒಳಗೇ ರೋ 80ರ ಜತೆಜತೆಗೆ ಮಾಮೂಲಿ ಪಿಸ್ಟನ್ ಎಂಜಿನ್ನಿನ ಕೆ70 ಎಂಬ ಕಾರು ತಯಾರಾಗಿತ್ತು. ಅಲ್ಲೂ ಯಾರೋ ಒಬ್ಬರು ಲೆಕ್ಕ ಹಾಕಿದ್ದರು ಅನ್ನಿಸುತ್ತದೆ ನನಗೆ. 1969ರ ಜಿನೀವಾ ಪ್ರದರ್ಶನಕ್ಕೆ ಹೊರಡಬೇಕಿದ್ದ ಆ ಕಾರನ್ನು ಕೊನೇ ಗಳಿಗೆಯಲ್ಲಿ ತಡೆಹಿಡಿದು, ಫೋಕ್ಸ್‌ವ್ಯಾಗನ್ ತನ್ನ ಹೆಸರು ಹಾಕಿಕೊಂಡು, ಬೇರೆ ಊರಾದ ಸಾಲ್ಜ್‌ಗಿಟ್ಟರ್‌ನಲ್ಲಿ ತಯಾರಿಸಿತು. ನೆಕಾರ್ಸುಲ್ಮ್‌ಗೆ ಉಳಿದದ್ದು ರೋ 80 ಮತ್ತು ಮುಪ್ಪಾಗುತ್ತಿದ್ದ ಹಳೆಯ ಚಿಕ್ಕ ಕಾರುಗಳು. ತೈಲ ಬಿಕ್ಕಟ್ಟಿನ ಮರು ತಿಂಗಳೇ, 1973ರ ನವೆಂಬರಿನಲ್ಲಿ, ಜರ್ಮನಿ ಹೊರದೇಶದ ಕಾರ್ಮಿಕರ ನೇಮಕಾತಿಯನ್ನೇ ನಿಲ್ಲಿಸಿತು. ಕಾರು ಕೊಳ್ಳುವವರಿಲ್ಲದೆ ಫೋಕ್ಸ್‌ವ್ಯಾಗನ್ ನಷ್ಟಕ್ಕೆ ಬಿತ್ತು, ನೆಕಾರ್ಸುಲ್ಮ್ ಕಾರ್ಖಾನೆ ಮುಚ್ಚುವ ಮಾತು ಎದ್ದಿತು. 1975ರ ಏಪ್ರಿಲ್‌ನಲ್ಲಿ ಸಾವಿರಾರು ಕೆಲಸಗಾರರು ಕಾರ್ಖಾನೆಯ ಬಾಗಿಲಿನಿಂದ ಹೊರಟು ಹೈಲ್‌ಬ್ರಾನ್‌ವರೆಗೆ ನಡೆದುಹೋದರು.

ಎಷ್ಟೋ ಜನ ಕೆಲಸ ಕಳೆದುಕೊಂಡರು, ಕಾರ್ಖಾನೆ ಉಳಿಯಿತು. ಇವತ್ತು ಅಲ್ಲಿ ಆಡಿ ಕಾರುಗಳು ತಯಾರಾಗುತ್ತವೆ. ರೋ 80 ಒಟ್ಟು 37 ಸಾವಿರಕ್ಕೂ ಸ್ವಲ್ಪ ಹೆಚ್ಚು ತಯಾರಾಗಿ, ಕೊನೆಯದು 1977ರಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ಅದೇ ಕಾರ್ಖಾನೆಯಲ್ಲಿ ಪೋರ್ಷೆ 924 ಜೋಡಣೆ ನಡೆಯುತ್ತಿತ್ತು. ಅದರ ಮೂತಿಯೊಳಗೆ ಇದ್ದದ್ದು ಒಂದೇ ಸಾಲಿನಲ್ಲಿ ನಿಂತ ನಾಲ್ಕು ಪಿಸ್ಟನ್.